ಏಳು ಗ್ರಾಂನ ಲೆಕ್ಕ: ಹಳೆಯ ಕಾರೊಂದರ ಎ.ಸಿ. ಸೋರಿಕೆಯ ಪ್ರಕರಣ

ಹಾಸನದಲ್ಲಿ ಕಾರುಗಳ ಎ.ಸಿ. ರಿಪೇರಿಯನ್ನೇ ಕಸುಬಾಗಿಸಿಕೊಂಡಿರುವ ನನ್ನ ಗ್ಯಾರೇಜಿಗೆ ಬರುವ ದೂರುಗಳಲ್ಲಿ "ಗ್ಯಾಸ್ ನಿಲ್ತಾ ಇಲ್ಲ" ಎಂಬುದೇ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂದೇ ದಿನದಲ್ಲಿ ಬಗೆಹರಿಯುವಂಥವು. ಇಲ್ಲಿ ವಿವರಿಸುತ್ತಿರುವುದು ಹಾಗೆ ಬಗೆಹರಿಯದೆ ಉಳಿದು, ನಮ್ಮ ಕೈಯಲ್ಲೂ ಒಮ್ಮೆ ತಪ್ಪಿಹೋಗಿ, ಎರಡನೆಯ ಸಲಕ್ಕೆ ಸರಿಹೋದ ಒಂದು ಪ್ರಕರಣ. ಇದೇ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡಿರುವವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮಾಲೀಕರ ಹೆಸರು, ಊರು, ಕಾರಿನ ಕಂಪನಿ, ಹಿಂದೆ ಕೆಲಸ ಮಾಡಿದ ಗ್ಯಾರೇಜುಗಳು, ಇವು ಯಾವುದನ್ನೂ ಹೇಳುವುದಿಲ್ಲ. ಮಾಲೀಕರನ್ನು ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಅಂಕಿಗಳು ಜಾಬ್ ಕಾರ್ಡಿನಲ್ಲಿ ಆಯಾ ದಿನವೇ ಬರೆದಿಟ್ಟವು.

ಕಾರು ಮತ್ತು ದಾರಿ

ಕಾರು 2008ರ ಮಾದರಿಯ ಸಣ್ಣ ಪೆಟ್ರೋಲ್ ಗಾಡಿ, ಮೊದಲಿನಿಂದಲೂ ಒಬ್ಬರದೇ ಕೈಯಲ್ಲಿದ್ದದ್ದು, ನಮ್ಮಲ್ಲಿಗೆ ಬಂದಾಗ 92,000 ಕಿಲೋಮೀಟರ್ ಓಡಿತ್ತು. ಮೇಷ್ಟ್ರು ನಿವೃತ್ತ ಹೈಸ್ಕೂಲು ಅಧ್ಯಾಪಕರು. ಸಕಲೇಶಪುರದ ಕಡೆ ಸಣ್ಣದೊಂದು ಕಾಫಿ ತೋಟವಿದೆ. ಕಾರು ನಿಲ್ಲುವುದು ಕಣದ ಪಕ್ಕ, ಸಿಲ್ವರ್ ಓಕ್ ಮರಗಳ ಕೆಳಗೆ. ಈ ಮರಗಳ ವಿಷಯ ಮುಂದೆ ಬರುತ್ತದೆ.

ಮಲೆನಾಡಿನವರಿಗೆ ಎ.ಸಿ. ಯಾಕೆ ಎಂದು ಕೇಳುವವರಿದ್ದಾರೆ. ಮೇಷ್ಟ್ರು ತಿಂಗಳಿಗೊಮ್ಮೆ ತಮ್ಮ ಮನೆಯವರನ್ನು ಚಿಕಿತ್ಸೆಗಾಗಿ ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 75 ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರು ಗುಂಡ್ಯ ಮುಟ್ಟುವಷ್ಟರಲ್ಲಿ ಬೆವರುತ್ತಿರುತ್ತಾರೆ. ಚಿಕಿತ್ಸೆ ಮುಗಿಸಿಕೊಂಡು ಮಧ್ಯಾಹ್ನದ ಧಗೆಯಲ್ಲಿ ವಾಪಸು ಬರುವ ರೋಗಿಗೆ ಎ.ಸಿ. ಶೋಕಿಯ ವಸ್ತುವಲ್ಲ. ಇನ್ನೊಂದು ಕಾರಣ ಮಳೆಗಾಲದ್ದು. ಕಾರಿನ ಒಳಗಾಳಿ ಎ.ಸಿ.ಯ ಕೂಲಿಂಗ್ ಕಾಯಿಲ್ ಮೇಲೆ ಹಾದುಹೋಗುವಾಗ ಅದರಲ್ಲಿನ ತೇವ ನೀರಾಗಿ ಇಳಿದುಬಿಡುತ್ತದೆ, ಹಾಗೆ ಒಣಗಿದ ಗಾಳಿ ಮುಂದಿನ ಗಾಜಿನ ಮೇಲೆ ಕಟ್ಟಿದ ಮಂಜನ್ನು ನಿಮಿಷದಲ್ಲಿ ಅಳಿಸುತ್ತದೆ. ಜುಲೈ ತಿಂಗಳಿನಲ್ಲಿ ಘಾಟಿಯ ತಿರುವುಗಳಲ್ಲಿ ಲಾರಿಗಳ ಹಿಂದೆ ಹೋಗುವಾಗ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಗಾಡಿ ಓಡಿಸುವುದು ಎಷ್ಟು ಅಪಾಯವೆಂದು ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತಿದೆ.

ಹದಿನಾಲ್ಕು ತಿಂಗಳಲ್ಲಿ ಮೂರು ಸಲ

ನಮ್ಮಲ್ಲಿಗೆ ಬರುವ ಹೊತ್ತಿಗೆ ಮೇಷ್ಟ್ರು ಹದಿನಾಲ್ಕು ತಿಂಗಳಲ್ಲಿ ಬೇರೆ ಬೇರೆ ಕಡೆ ಮೂರು ಬಾರಿ ಗ್ಯಾಸ್ ತುಂಬಿಸಿದ್ದರು. ಮೊದಲ ಸಲ ತುಂಬಿಸಿದ್ದು ಐದು ತಿಂಗಳು ಬಂದಿತು, ಎರಡನೆಯದು ಮೂರು ತಿಂಗಳು, ಮೂರನೆಯದು ಎರಡು ತಿಂಗಳೂ ಬರಲಿಲ್ಲ. ಎರಡನೆಯ ಸಲ, ಬಿಸಿ ಗ್ಯಾಸನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್ ಕಾರಿನ ಮುಂಭಾಗದಲ್ಲಿರುವುದರಿಂದ ಕಲ್ಲೇಟು ಬಿದ್ದು ಸೋರುತ್ತಿರಬೇಕೆಂಬ ಅನುಮಾನದ ಮೇಲೆ ಅದನ್ನು ಬದಲಿಸಲಾಗಿತ್ತು. ಹಳೆಯ ಕಂಡೆನ್ಸರನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಆಗಲೇ ಹನ್ನೊಂದು ಸಾವಿರದಷ್ಟು ಖರ್ಚಾಗಿತ್ತು.

ಮೂರೂ ಸಲ ಗ್ಯಾಸನ್ನು ತೂಗದೆ ಗೇಜ್ ನೋಡಿ ತುಂಬಿದ್ದರು ಎಂದು ಮೇಷ್ಟ್ರು ಹೇಳಿದರು. ಇದರ ಬಗ್ಗೆ ಸ್ವಲ್ಪ ವಿವರ ಬೇಕು. ಈ ಕಾರಿನಲ್ಲಿರುವುದು ಆರ್-134ಎ ಗ್ಯಾಸ್. ನಿಂತ ಕಾರಿನ ಪೈಪಿನೊಳಗೆ ಈ ಗ್ಯಾಸ್‌ನ ದ್ರವರೂಪ ಒಂದಿಷ್ಟಾದರೂ ಉಳಿದಿದ್ದರೆ, ಒತ್ತಡವನ್ನು ತೀರ್ಮಾನಿಸುವುದು ಉಷ್ಣಾಂಶ ಮಾತ್ರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 82 ಪಿಎಸ್‌ಐ, ಅಂದರೆ ಗ್ಯಾರೇಜಿನ ಮಾತಿನಲ್ಲಿ 82 ಪಾಯಿಂಟ್. ಒಳಗೆ 480 ಗ್ರಾಂ ಇದ್ದರೂ ಅಷ್ಟೇ, 250 ಗ್ರಾಂ ಇದ್ದರೂ ಅಷ್ಟೇ. ಎಂಜಿನ್ ಓಡುವಾಗಿನ ಒತ್ತಡ ಹೊರಗಿನ ಸೆಕೆ, ಫ್ಯಾನಿನ ವೇಗ, ಎಂಜಿನ್ನಿನ ವೇಗ ಇವುಗಳ ಮೇಲೆಲ್ಲ ನಿಂತಿರುತ್ತದೆ. ಆದ್ದರಿಂದ ಗೇಜ್ ಒಂದನ್ನೇ ನಂಬಿದವರಿಗೆ ಎಷ್ಟು ತುಂಬಿದೆವೆಂದೂ ತಿಳಿಯುವುದಿಲ್ಲ, ಮುಂದೆ ಎಷ್ಟು ಹೋಯಿತೆಂದೂ ತಿಳಿಯುವುದಿಲ್ಲ. ಈ ಕಾರಿನ ಬಾನೆಟ್ ಒಳಗಿನ ಚೀಟಿಯಲ್ಲಿ 480 ಗ್ರಾಂ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಚೀಟಿಯನ್ನು ಯಾರೂ ಓದಿರಲಿಲ್ಲ.

ಮೊದಲ ಸಲ ನಾವು ಎಡವಿದ್ದು

ಅಕ್ಟೋಬರ್ ಕೊನೆಯಲ್ಲಿ, ಮಳೆ ಹಿಂದೆಗೆದ ಮೇಲೆ ಕಾರು ನಮ್ಮಲ್ಲಿಗೆ ಬಂತು. ಒಳಗಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮೆಷಿನ್ನಿಗೆ ಎಳೆದು ತೂಗಿದಾಗ ಸಿಕ್ಕಿದ್ದು 120 ಗ್ರಾಂ. ನಂತರ ವ್ಯಾಕ್ಯೂಮ್ ಪಂಪ್ ಹಾಕಿದೆವು. ಗೇಜಿನ ಮುಳ್ಳು ಪಾದರಸದ 26 ಅಂಗುಲ ದಾಟಿ ಇಪ್ಪತ್ತಾರೂವರೆಯ ಹತ್ತಿರ ನಿಂತಿತು.

ಹೊಸದಾಗಿ ಸೇರಿದ್ದ ಹುಡುಗ ಅಲ್ಲೇ ಗಾಬರಿಯಾದ. ಪುಸ್ತಕದಲ್ಲಿ 29, 30 ಅಂಗುಲ ಬರಬೇಕೆಂದು ಓದಿಕೊಂಡಿದ್ದವನಿಗೆ ಇದೇ ಸೋರಿಕೆಯ ಗುರುತಾಗಿ ಕಂಡಿತು. ಅವನ ತಪ್ಪಲ್ಲ. ಮೂವತ್ತು ಅಂಗುಲ ಎಂಬುದು ಸಮುದ್ರ ಮಟ್ಟದ ಲೆಕ್ಕ. ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನಮ್ಮ ಮೇಲಿರುವ ಗಾಳಿಯ ಭಾರವೇ ಕಡಿಮೆ, ಆದ್ದರಿಂದ ಒಳಗಿನದನ್ನೆಲ್ಲ ಪೂರ್ತಿ ಎಳೆದರೂ ಗೇಜ್ ಇಪ್ಪತ್ತಾರೂಮುಕ್ಕಾಲು ಅಂಗುಲದ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಪಂಪ್ ಕೆಟ್ಟಿದೆಯೆಂದು ಎಣ್ಣೆ ಬದಲಿಸಿ, ಸೀಲ್ ಬದಲಿಸಿ ದಿನಗಟ್ಟಲೆ ಒದ್ದಾಡಿದವರನ್ನು ನಾನು ಕಂಡಿದ್ದೇನೆ.

ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾದೆವು. ಮುಳ್ಳು ಅಲುಗಲಿಲ್ಲ. ಆಮೇಲೆ ಸ್ವಲ್ಪ ಗ್ಯಾಸ್ ಬಿಟ್ಟು ಸೋಪಿನ ನೀರು ಹಚ್ಚಿಕೊಂಡು ಹೋದಾಗ ಲೋ ಸೈಡ್ ಪೋರ್ಟಿನಲ್ಲಿ, ಅಂದರೆ ಕಡಿಮೆ ಒತ್ತಡದ ಪೈಪಿಗೆ ಗ್ಯಾಸ್ ತುಂಬುವ ಬಾಯಿಯಲ್ಲಿ, ನಿಧಾನವಾಗಿ ನೊರೆ ಎದ್ದಿತು. ಅದರ ಪ್ಲಾಸ್ಟಿಕ್ ಮುಚ್ಚಳ ಎಲ್ಲೋ ಬಿದ್ದುಹೋಗಿ, ಒಳಗಿನ ಪಿನ್ ವಾಲ್ವ್‌ಗೆ ಧೂಳು ಕೂತಿತ್ತು. ಪಿನ್ ವಾಲ್ವ್ ಬದಲಿಸಿ, ಹೊಸ ಮುಚ್ಚಳ ಹಾಕಿ, ಮುಂದೆ ಬೇಕಾದೀತೆಂದು ಯುವಿ ಬೆಳಕಿಗೆ ಹೊಳೆಯುವ ಬಣ್ಣವನ್ನು (ಯುವಿ ಡೈ) ಸ್ವಲ್ಪ ಸೇರಿಸಿ, 480 ಗ್ರಾಂ ತೂಗಿ ತುಂಬಿ ಕಳಿಸಿದೆವು. ಮೇಷ್ಟ್ರಿಗೆ ಸೋರಿಕೆ ಸಿಕ್ಕಿತು ಎಂದು ನಾನೇ ಹೇಳಿದೆ.

ಈ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಾಡುವ ಮಾತು ಅದೇ. ಸಿಕ್ಕಿದ್ದು ಒಂದು ಸೋರಿಕೆ ಹೌದು, ಆದರೆ ಅದೇ ಕೊನೆಯದೆಂದು ತಿಳಿಯಲು ನಮ್ಮ ಬಳಿ ಯಾವ ಆಧಾರವೂ ಇರಲಿಲ್ಲ. ವ್ಯಾಕ್ಯೂಮ್ ನಿಂತಿತಲ್ಲ ಎಂಬುದನ್ನು ಆಧಾರವೆಂದುಕೊಂಡೆವು. ಓಡುವ ಎ.ಸಿ.ಯಲ್ಲಿ ಹೈ ಸೈಡಿನ ಒತ್ತಡ 150ರಿಂದ 250 ಪಾಯಿಂಟ್ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ವ್ಯಾಕ್ಯೂಮ್ ಹಾಕಿದಾಗ ನಮ್ಮೂರಿನಲ್ಲಿ 13 ಪಾಯಿಂಟ್ ಮಾತ್ರ, ಅದೂ ಹೊರಗಿನಿಂದ ಒಳಕ್ಕೆ. ಕೂದಲೆಳೆಯಷ್ಟು ಸಣ್ಣ ರಂಧ್ರದ ಬಾಯಿಗೆ ಎಣ್ಣೆ, ಕೆಸರು ಮೆತ್ತಿಕೊಂಡಿದ್ದರೆ ವ್ಯಾಕ್ಯೂಮ್ ಅದನ್ನು ಇನ್ನಷ್ಟು ಒಳಕ್ಕೆ ಎಳೆದು ತಾತ್ಕಾಲಿಕವಾಗಿ ಮುಚ್ಚಿಯೂಬಿಡುತ್ತದೆ. ವ್ಯಾಕ್ಯೂಮ್ ಇರುವುದು ಗಾಳಿ ಮತ್ತು ತೇವವನ್ನು ಹೊರಗೆ ತೆಗೆಯಲು. ದೊಡ್ಡ ಸೋರಿಕೆಯನ್ನು ಅದು ತೋರಿಸಬಲ್ಲದು, ಸಣ್ಣದರ ವಿಷಯದಲ್ಲಿ ಅದರ ಸಾಕ್ಷಿಯನ್ನು ನಂಬಬಾರದು.

ಏಳು ಗ್ರಾಂ

ಡಿಸೆಂಬರ್ ಮಧ್ಯದಲ್ಲಿ ಮೇಷ್ಟ್ರು ಫೋನ್ ಮಾಡಿದರು. ಕೋಪವಿರಲಿಲ್ಲ, ಆಯಾಸವಿತ್ತು. "ಮತ್ತೆ ಬಿಸಿಗಾಳಿ ಬರ್ತಾ ಇದೆಯಪ್ಪ. ಉಪ್ಪಿನಂಗಡಿಯಿಂದ ಕಿಟಕಿ ತೆಗೆದುಕೊಂಡೇ ಬಂದ್ವಿ" ಎಂದರು. ಮರುದಿನವೇ ತರಲು ಹೇಳಿದೆ.

ಈ ಸಲ ಕಾರು ಬಂದ ಕೂಡಲೇ ಏನನ್ನೂ ಬಿಚ್ಚಲಿಲ್ಲ. ಗಾಜು ಏರಿಸಿ, ಫ್ಯಾನ್ ಹಾಕದೆ, ರಾತ್ರಿಯಿಡೀ ಶೆಡ್ಡಿನೊಳಗೆ ನಿಲ್ಲಿಸಿದೆವು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರಿನ ಮೂತಿಯನ್ನು ಕಾರಿನ ಕೆಳಗೆ, ಕೂಲಿಂಗ್ ಕಾಯಿಲ್‌ನ ನೀರು ಹೊರಬರುವ ರಬ್ಬರ್ ಪೈಪಿನ ಬಾಯಿಗೆ ಹಿಡಿದೆ. ಆರ್-134ಎ ಗಾಳಿಗಿಂತ ಭಾರ. ಕಾಯಿಲ್ ಸೋರುತ್ತಿದ್ದರೆ ಅದರ ಪೆಟ್ಟಿಗೆಯ ತಳದಲ್ಲಿ ಶೇಖರವಾಗಿ ಈ ಪೈಪಿನಿಂದಲೇ ಇಳಿಯಬೇಕು. ಡಿಟೆಕ್ಟರ್ ಕೂಗಿತು. ಸೋಪು, ಸುಗಂಧ, ಪೆಟ್ರೋಲಿನ ಆವಿಗೂ ಕೂಗುವ ಯಂತ್ರವಾದ್ದರಿಂದ ಹೊರಗಡೆ ಶುದ್ಧ ಗಾಳಿಯಲ್ಲಿ ಹಿಡಿದು ಸುಮ್ಮನಾಗಿಸಿ ಮೂರು ಸಲ ನೋಡಿದೆವು. ಮೂರು ಸಲವೂ ಕೂಗಿತು. ಪೈಪಿನ ತುದಿಯಿಂದ ತೊಟ್ಟಿಕ್ಕಿದ ಹನಿಗೆ ಯುವಿ ಟಾರ್ಚ್ ಬಿಟ್ಟಾಗ, ಅಕ್ಟೋಬರಿನಲ್ಲಿ ಹಾಕಿದ್ದ ಡೈ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯಿತು.

ಆಮೇಲೆ ಗ್ಯಾಸ್ ಎಳೆದು ತೂಗಿದೆವು: 150 ಗ್ರಾಂ. ಹಿಂದಿನ ಮೂರು ಸಲ ಯಾರಿಗೂ ಮಾಡಲಾಗದಿದ್ದ ಲೆಕ್ಕ ಈಗ ಸಾಧ್ಯವಾಯಿತು. ನಲವತ್ತೆಂಟು ದಿನಗಳಲ್ಲಿ 330 ಗ್ರಾಂ, ಅಂದರೆ ದಿನಕ್ಕೆ ಸುಮಾರು ಏಳು ಗ್ರಾಂ. ಹೋಲಿಕೆಗೆ ಹೇಳುವುದಾದರೆ, ಯುರೋಪಿನ ಒಕ್ಕೂಟ 2006ರಲ್ಲಿ ಮಾಡಿದ ನಿಯಮದಲ್ಲಿ ಒಂದೇ ಕೂಲಿಂಗ್ ಕಾಯಿಲ್ ಇರುವ ಕಾರಿನ ಸೋರಿಕೆಗೆ ಇಟ್ಟ ಮಿತಿ ವರ್ಷಕ್ಕೆ 40 ಗ್ರಾಂ. ಈ ಕಾರು ಆರು ದಿನಕ್ಕೆ ಅಷ್ಟನ್ನು ಕಳೆದುಕೊಳ್ಳುತ್ತಿತ್ತು. ಏಳು ಗ್ರಾಂ ಗ್ಯಾಸ್ ಹೊರಗೆ ಬಂದರೆ ನಮ್ಮೂರಿನ ಗಾಳಿಯಲ್ಲಿ ಹಿಡಿಯುವ ಜಾಗ ಸುಮಾರು ಒಂದೂಮುಕ್ಕಾಲು ಲೀಟರ್. ನಿಮಿಷಕ್ಕೆ ಒಂದು ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು. ಇದು ಸೋಪಿನ ನೀರಿಗೆ ಖಂಡಿತ ಕಾಣಬೇಕಾದ ಸೋರಿಕೆ. ಕಾಣದೆ ಹೋದದ್ದು ಡ್ಯಾಶ್‌ಬೋರ್ಡಿನ ಒಳಗೆ, ಸೋಪಿನ ಬ್ರಷ್ ತಲುಪದ ಜಾಗದಲ್ಲಿ ಇದ್ದದ್ದರಿಂದ.

ಹೀಗೆ ಹೋದ ಗ್ಯಾಸ್‌ನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-134ಎ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 1,430 ಪಟ್ಟು ಬಲವುಳ್ಳದ್ದು. ನಾಲ್ಕು ಸಲ ತುಂಬಿದ್ದರಲ್ಲಿ ಒಂದೂಕಾಲು ಕಿಲೋ ಗಾಳಿಗೆ ಹೋಗಿರಬಹುದೆಂದು ಇಟ್ಟುಕೊಂಡರೂ ಅದು ಸುಮಾರು 1,800 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು 2.3 ಕಿಲೋದಷ್ಟು, ಅಲ್ಲಿಗೆ 780 ಲೀಟರ್ ಪೆಟ್ರೋಲ್ ಸುಟ್ಟ ಹಾಗಾಯಿತು. ಭಾರತ 2021ರಲ್ಲಿ ಈ ಬಗ್ಗೆ ಇರುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಒಪ್ಪಿಕೊಂಡಿದೆ, 2032ರಿಂದ ಈ ಜಾತಿಯ ಗ್ಯಾಸ್‌ಗಳನ್ನು ಹಂತ ಹಂತವಾಗಿ ಇಳಿಸಬೇಕಿದೆ. ಸೋರುವ ಕಾರಿಗೆ ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿ ಕಳಿಸುವ ಪ್ರತಿಯೊಬ್ಬನೂ ಇದರಲ್ಲಿ ಪಾಲುದಾರ. ಅಕ್ಟೋಬರಿನಲ್ಲಿ ನಾನೂ ಆಗಿದ್ದೆ.

ಕಾಯಿಲ್ ಎಂಬುದು ಖಚಿತವೆನಿಸಿದರೂ ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಒತ್ತಡದ ಪರೀಕ್ಷೆಯನ್ನೂ ಮಾಡಿದೆವು. ಖಾಲಿ ಸಿಸ್ಟಮ್‌ಗೆ ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ 150 ಪಾಯಿಂಟ್ ತುಂಬಿ ಸಂಜೆ ಬಿಟ್ಟೆವು. ಬೆಳಿಗ್ಗೆ 140 ಇತ್ತು. (ಈ ಕೆಲಸಕ್ಕೆ ಯಾವ ಕಾರಣಕ್ಕೂ ಆಕ್ಸಿಜನ್ ಸಿಲಿಂಡರ್ ಬಳಸಬಾರದು, ಗ್ಯಾಸನ್ನು ಒತ್ತುವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿದರೆ ಅದು ಸ್ಫೋಟಿಸಬಹುದು. ವೆಲ್ಡಿಂಗ್ ಅಂಗಡಿಯಿಂದ ಸುಲಭವಾಗಿ ಸಿಗುತ್ತದೆಂದು ತರುವವರಿದ್ದಾರೆ, ಅದಕ್ಕೇ ಬರೆದೆ.)

ಮೇಷ್ಟ್ರ ಷರತ್ತು

ಮೇಷ್ಟ್ರನ್ನು ಕೂರಿಸಿಕೊಂಡು ಮೂರು ದಾರಿಗಳನ್ನೂ ಹೇಳಿದೆ. ಮೊದಲನೆಯದು, ಎ.ಸಿ. ಇಲ್ಲದೆಯೇ ಕಾರು ಓಡಿಸುವುದು. ಎರಡನೆಯದು, ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುವ ಸೋರಿಕೆ ಮುಚ್ಚುವ ದ್ರಾವಣವನ್ನು ಗ್ಯಾಸ್ ಜೊತೆ ಸೇರಿಸುವುದು. ಅದು ರಂಧ್ರದ ಬಳಿ ಗಾಳಿ ಮತ್ತು ತೇವ ತಗುಲಿದಾಗ ಗಟ್ಟಿಯಾಗುವಂಥದ್ದು. ಆದರೆ ಪೈಪಿನೊಳಗೇ ತೇವ ಉಳಿದಿದ್ದರೆ ಅಲ್ಲೂ ಗಟ್ಟಿಯಾಗಿ, ಕಾಯಿಲ್‌ಗೆ ದ್ರವರೂಪದ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಿಂಡಿಯನ್ನು ಕಟ್ಟಿಹಾಕಬಹುದು, ಮುಂದೆ ಗ್ಯಾಸ್ ಎಳೆಯುವ ಮೆಷಿನ್ನನ್ನೂ ಕೆಡಿಸಬಹುದು. ನಾನು ಅದನ್ನು ಹಾಕುವುದಿಲ್ಲವೆಂದು ಹೇಳಿದೆ. ಮೂರನೆಯದು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಕಾಯಿಲ್ ಬದಲಿಸುವುದು. ಕಾಯಿಲ್, ಎಕ್ಸ್‌ಪಾನ್ಷನ್ ವಾಲ್ವ್, ತೇವ ಹೀರುವ ಡ್ರೈಯರ್, ಜಾಯಿಂಟಿನ ರಬ್ಬರ್ ಬಳೆಗಳಾದ ಓ-ರಿಂಗ್‌ಗಳು, ಗ್ಯಾಸ್, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ. ಹಳೆಯ ಪ್ಲಾಸ್ಟಿಕ್ ಆದ್ದರಿಂದ ಕ್ಲಿಪ್ಪುಗಳು ಮುರಿಯುವ ಸಂಭವ ಇದೆಯೆಂದೂ ಮೊದಲೇ ತಿಳಿಸಿದೆ.

ಇದರ ಜೊತೆಗೆ ಕಂಪ್ರೆಸರಿನ ಪ್ರಶ್ನೆ ಇತ್ತು. ಅದರ ಮುಂಭಾಗದಲ್ಲಿ, ಕ್ಲಚ್ಚಿನ ಹಿಂದೆ, ಎಣ್ಣೆ ಹಿಡಿದ ಧೂಳಿನ ಪಟ್ಟಿಯೊಂದು ಕಾಣುತ್ತಿತ್ತು. ಕಂಪ್ರೆಸರಿನ ತಿರುಗುವ ದಂಡದ ಸುತ್ತಲಿನ ಶಾಫ್ಟ್ ಸೀಲ್ ಸೋರುವ ಕಾರುಗಳಲ್ಲಿ ಕಾಣುವ ಗುರುತು ಅದು, ಮತ್ತು ನಮ್ಮ ಕಡೆಯ ಕಾರುಗಳಲ್ಲಿ ಇದು ಅಪರೂಪವಲ್ಲ. ಆ ಸೀಲನ್ನು ಮೆತ್ತಗೆ, ಹಸಿಯಾಗಿ ಇಟ್ಟಿರುವುದು ಗ್ಯಾಸ್ ಜೊತೆ ತಿರುಗುವ ಎಣ್ಣೆ. ಚಳಿ ಊರು ಎಂದು ತಿಂಗಳುಗಟ್ಟಲೆ ಎ.ಸಿ. ಹಾಕದೇ ಇದ್ದರೆ ಎಣ್ಣೆಯ ಪದರ ಇಳಿದುಹೋಗಿ ಸೀಲ್ ಒಣಗುತ್ತದೆ. ಆದ್ದರಿಂದ ಸೆಕೆ ಇರಲಿ ಇಲ್ಲದಿರಲಿ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಕಾರಿನ ಪಟ್ಟಿ ನೋಡಿ, ಹೇಗೂ ಗ್ಯಾಸ್ ತೆಗೆದಾಗಿದೆ, ಹದಿನಾಲ್ಕು ಸಾವಿರ ಹೆಚ್ಚಾದರೂ ಕಂಪ್ರೆಸರನ್ನೂ ಬದಲಿಸಿಬಿಡೋಣ ಎಂದು ನನ್ನ ಬಾಯಿಗೆ ಬಂದಿತ್ತು.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಕಂಡೆನ್ಸರನ್ನೂ ಹೀಗೇ ಅನುಮಾನದ ಮೇಲೆ ತೆಗೆದು ಬಿಸಾಕಿದ್ರು. ಕಂಪ್ರೆಸರ್ ಸೋರ್ತಾ ಇದೆ ಅಂತ ನಿಮಗೆ ಗೊತ್ತೋ, ಅನ್ನಿಸ್ತದೋ?" ನಾನು ಅನ್ನಿಸುತ್ತದೆ ಸಾರ್ ಎಂದೆ. "ಹಾಗಿದ್ರೆ ಕಾಯಿಲ್ ಬದಲಾಯಿಸಿ. ಇನ್ನುಳಿದದ್ದು ಗೊತ್ತಾದ ಮೇಲೆ ಹೇಳಿ, ದುಡ್ಡಿಗೆ ಹಿಂದೆಮುಂದೆ ನೋಡಲ್ಲ" ಎಂದರು.

ಅವರು ಹಾಗೆ ಕೇಳದೇ ಇದ್ದಿದ್ದರೆ, ನಾವು ಮುಂದೆ ಮಾಡಿದ ಪರೀಕ್ಷೆಯನ್ನು ಮಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಡ್ಯಾಶ್‌ಬೋರ್ಡಿನ ಹಿಂದೆ

ಜನವರಿ ಎರಡನೆಯ ವಾರ ಕೆಲಸ ಹಿಡಿದೆವು. ಡ್ಯಾಶ್‌ಬೋರ್ಡ್ ಇಳಿಸಲು ಒಂದು ದಿನವೇ ಹೋಯಿತು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದು, ಸ್ಕ್ರೂಗಳನ್ನು ಅವು ಬಂದ ಜಾಗದ ಹೆಸರು ಬರೆದ ಬೇರೆ ಬೇರೆ ಡಬ್ಬಿಗಳಲ್ಲಿಟ್ಟೆವು. ಮುರಿದದ್ದು ಎರಡೇ ಕ್ಲಿಪ್.

ಕಾಯಿಲ್ ಇರುವ ಪೆಟ್ಟಿಗೆಯ ಎರಡು ಹೋಳುಗಳನ್ನು ಬಿಡಿಸಿದಾಗ ಮೊದಲು ಬಂದದ್ದು ವಾಸನೆ, ಮಳೆಗಾಲದಲ್ಲಿ ತೋಟದ ಚರಂಡಿಯಲ್ಲಿ ಕೊಳೆತ ದರಗಿನ ವಾಸನೆ. ಕಾಯಿಲ್‌ನ ಕೆಳಗಿನ ಮೂರನೆಯ ಒಂದು ಭಾಗ ಕಾಣುತ್ತಲೇ ಇರಲಿಲ್ಲ. ಸಿಲ್ವರ್ ಓಕ್ ಎಲೆಗಳ ಸೀಳುಗಳು, ನಾರು, ಕಣದ ಧೂಳು ಎಲ್ಲ ಒದ್ದೆಯಾಗಿ ಬೆರಳಿನಷ್ಟು ದಪ್ಪದ ಕಂಬಳಿಯ ಹಾಗೆ ಅಂಟಿಕೊಂಡಿದ್ದವು. ಈ ಮಾದರಿಯಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲ. ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯಿಂದ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಇಳಿದದ್ದೆಲ್ಲ ಇಲ್ಲಿಗೆ ಬಂದು ಸೇರಿತ್ತು. ಆ ಹೊದಿಕೆಯನ್ನು ಮೆಲ್ಲಗೆ ಸುಲಿದಾಗ ಅದರಡಿಯ ಅಲ್ಯುಮಿನಿಯಂ ಬಿಳಿಯ ಪುಡಿಯಾಗಿ ಬೆರಳಿಗೆ ಹತ್ತಿತು. ಸದಾ ಹಸಿಯಾಗಿದ್ದ ಕಸ ತಗಡಿನಷ್ಟು ತೆಳುವಾದ ಲೋಹವನ್ನು ವರ್ಷಾನುಗಟ್ಟಲೆ ತಿಂದಿತ್ತು.

ಕಾಯಿಲ್‌ಗೆ ಎರಡು ಕಡೆಯೂ ಬಿರಡೆ ಹಾಕಿ, 80 ಪಾಯಿಂಟ್ ನೈಟ್ರೋಜನ್ ಬಿಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಮೊದಲ ಕೆಲವು ಕ್ಷಣ ಫಿನ್ನುಗಳ ನಡುವೆ ಸಿಕ್ಕಿದ್ದ ಗಾಳಿ ಎದ್ದಿತು. ಅದೆಲ್ಲ ನಿಂತ ಮೇಲೆ, ಕೆಳಗಿನ ಬಲ ಮೂಲೆಯಿಂದ ಒಂದು ಗುಳ್ಳೆ, ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಇನ್ನೊಂದು. ಮೆಣಸಿನ ಕಾಳಿನ ಗಾತ್ರ, ಎರಡು ಸೆಕೆಂಡಿಗೊಂದರಂತೆ. ಲೆಕ್ಕ ಹಾಕಿದರೆ ಅದೂ ನಿಮಿಷಕ್ಕೆ ಒಂದು ಮಿಲಿಲೀಟರಿನ ಆಸುಪಾಸೇ. ಮೇಷ್ಟ್ರಿಗೆ ತೋರಿಸಲೆಂದು ಅದರ ವಿಡಿಯೊ ತೆಗೆದಿಟ್ಟೆವು. ಅವರು ಹಳೆಯ ಕಾಯಿಲನ್ನೂ ಕೇಳಿ ಪಡೆದರು.

ಬೆಳಗಿನ 144

ಈಗ ಉಳಿದದ್ದು ಕಂಪ್ರೆಸರ್, ಕಂಡೆನ್ಸರ್ ಮತ್ತು ಪೈಪುಗಳು. ಕಾಯಿಲ್ ಹೊರಗಿದ್ದುದರಿಂದ ಎಂಜಿನ್ ಕೋಣೆಯ ಹಿಂಗೋಡೆಯ ಬಳಿ ಎರಡೂ ಪೈಪುಗಳ ಬಾಯಿಗೆ ಅಲ್ಯುಮಿನಿಯಂ ಪಟ್ಟಿಯಲ್ಲಿ ಮಾಡಿಸಿದ ಮುಚ್ಚಳವನ್ನು ಓ-ರಿಂಗ್ ಸಮೇತ ಬಿಗಿದು, ಎರಡೂ ಸರ್ವಿಸ್ ಪೋರ್ಟುಗಳಿಂದ 150 ಪಾಯಿಂಟ್ ನೈಟ್ರೋಜನ್ ತುಂಬಿದೆವು. ಸಂಜೆ ಐದು ಗಂಟೆ, ಶೆಡ್ಡಿನ ಉಷ್ಣಾಂಶ 28 ಡಿಗ್ರಿ. ಈ ಸಲ ಉಷ್ಣಾಂಶವನ್ನೂ ಕಾರ್ಡಿನಲ್ಲಿ ಬರೆದೆ.

ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತೆಗೆದ ಹುಡುಗ ಫೋನ್ ಮಾಡಿದ. "ಅಣ್ಣ, 144ಕ್ಕೆ ಇಳಿದಿದೆ. ಕಂಪ್ರೆಸರೂ ಹೋಗಿದೆ." ನನಗೂ ಮೊದಲು ಹಾಗೇ ಅನ್ನಿಸಿತು. ಹೋಗಿ ನೋಡಿದಾಗ ಶೆಡ್ಡಿನಲ್ಲಿ 17 ಡಿಗ್ರಿ ಚಳಿ ಇತ್ತು.

ಮುಚ್ಚಿದ ಪೈಪಿನೊಳಗಿನ ನೈಟ್ರೋಜನ್ ತಣ್ಣಗಾದರೆ ಒಂದು ಹನಿ ಸೋರದಿದ್ದರೂ ಒತ್ತಡ ಇಳಿಯುತ್ತದೆ. ಲೆಕ್ಕ ಹೀಗೆ. ಗೇಜಿನ 150ಕ್ಕೆ ನಮ್ಮೂರಿನ ಗಾಳಿಯ ಒತ್ತಡ 13 ಸೇರಿಸಿದರೆ ನಿಜವಾದ ಒತ್ತಡ 163. ಉಷ್ಣಾಂಶಕ್ಕೆ 273 ಕೂಡಿಸಬೇಕು, ಸಂಜೆಯದು 301, ಬೆಳಗಿನದು 290. 163ನ್ನು 290ರಿಂದ ಗುಣಿಸಿ 301ರಿಂದ ಭಾಗಿಸಿದರೆ ಬರುವುದು 157. ಅದರಲ್ಲಿ ಮತ್ತೆ 13 ಕಳೆದರೆ 144. ಗೇಜ್ ತೋರಿಸುತ್ತಿದ್ದದ್ದು ಅಷ್ಟನ್ನೇ. ಇಳಿದ ಆರು ಪಾಯಿಂಟೂ ಚಳಿಯದು, ಸೋರಿಕೆಯದು ಒಂದೂ ಇಲ್ಲ. ಡಿಸೆಂಬರಿನ ಮೊದಲ ಪರೀಕ್ಷೆಯಲ್ಲಿ 140ಕ್ಕೆ ಇಳಿದಿತ್ತಲ್ಲ, ಆ ರಾತ್ರಿಯ ಚಳಿಯೂ ಇಷ್ಟೇ ಇದ್ದಿದ್ದರೆ ಆ ಹತ್ತರಲ್ಲಿ ಆರು ಚಳಿಯ ಪಾಲು, ನಾಲ್ಕು ಮಾತ್ರ ಕಾಯಿಲ್‌ನ ಪಾಲು.

ಕಾಗದದ ಮೇಲಿನ ಲೆಕ್ಕವನ್ನು ಹುಡುಗ ಪೂರ್ತಿ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಗೇಜನ್ನು ಹಾಗೇ ಬಿಟ್ಟೆವು. ಹತ್ತು ಗಂಟೆಗೆ 146, ಹನ್ನೆರಡೂವರೆಗೆ 148. ಮಧ್ಯಾಹ್ನ ಮೂರಕ್ಕೆ ಶೆಡ್ಡು ಮತ್ತೆ 28 ಡಿಗ್ರಿಗೆ ಬಂದಾಗ ಮುಳ್ಳು 150ರ ಗೆರೆಯ ಮೇಲೆ ನಿಂತಿತ್ತು. ಶಾಫ್ಟ್ ಸೀಲ್‌ನ ಸುತ್ತ ಸೋಪಿನ ನೀರು ಹಚ್ಚಿ ಅರ್ಧ ಗಂಟೆ ನೋಡಿದೆವು, ನೊರೆ ಏಳಲಿಲ್ಲ. ಕಂಪ್ರೆಸರನ್ನು ಉಳಿಸಿಕೊಳ್ಳಲು ನಿರ್ಧರಿಸಿದೆವು.

ಈ ಪರೀಕ್ಷೆಗೂ ಒಂದು ಮಿತಿ ಇದೆ. ನಿಂತ ಶಾಫ್ಟಿನ ಸುತ್ತ ಹಿಡಿದು ನಿಂತ ಸೀಲ್ ತಿರುಗುವಾಗಲೂ ಹಿಡಿಯುತ್ತದೆಂದು ಅದು ಹೇಳುವುದಿಲ್ಲ. ಇದನ್ನು ಮೇಷ್ಟ್ರಿಗೆ ಬಿಡಿಸಿ ಹೇಳಿ, ಎರಡು ತಿಂಗಳು ಬಿಟ್ಟು ಡಿಟೆಕ್ಟರ್ ಹಿಡಿಸಿಕೊಂಡು ಹೋಗಲು ತಿಳಿಸಿದೆ.

ಜೋಡಣೆ

ಹೊಸ ಕಾಯಿಲ್ ಜೊತೆ ಎಕ್ಸ್‌ಪಾನ್ಷನ್ ವಾಲ್ವ್, ಡ್ರೈಯರ್ ಮತ್ತು ಬಿಚ್ಚಿದ ಪ್ರತಿ ಜಾಯಿಂಟಿನ ಓ-ರಿಂಗ್ ಬದಲಿಸಿದೆವು. ಹಳೆಯ ಕಾಯಿಲ್‌ನಿಂದ ಸುರಿದ ಎಣ್ಣೆ ಅಳತೆಗೆ 30 ಮಿಲಿಲೀಟರ್ ಬಂದಿತ್ತು. ಕಂಪ್ರೆಸರ್ ಮೇಲೆ ಬರೆದಿದ್ದ ದರ್ಜೆಯದೇ ಪಿಎಜಿ ಎಣ್ಣೆಯನ್ನು ಅಷ್ಟೇ ಹಾಕಿದೆವು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಬಾಟಲಿ ತೆರೆದಿಟ್ಟು ಟೀ ಕುಡಿಯಲು ಹೋಗುವ ಅಭ್ಯಾಸ ಬಿಡಬೇಕು.

ವ್ಯಾಕ್ಯೂಮಿಗೆ ಒಂದೂವರೆ ಗಂಟೆ ಕೊಟ್ಟೆವು. ಚಳಿಗಾಲದಲ್ಲಿ ಇಷ್ಟು ಬೇಕು. 20 ಡಿಗ್ರಿಯಲ್ಲಿ ನೀರು ಆವಿಯಾಗಿ ಕುದಿಯಬೇಕಾದರೆ ಒಳಗಿನ ಒತ್ತಡ ಪಾದರಸದ 17.5 ಮಿಲಿಮೀಟರಿಗಿಂತ ಕೆಳಗಿಳಿಯಬೇಕು. ನಮ್ಮೂರಿನ ಗೇಜಿನಲ್ಲಿ ಅದು 26 ಅಂಗುಲ ದಾಟಿದ ಮೇಲಿನ ಅರ್ಧ ಮುಕ್ಕಾಲು ಅಂಗುಲದ ಮಾತು, ಮುಳ್ಳಿನ ಗೇಜಿನಲ್ಲಿ ಆ ವ್ಯತ್ಯಾಸವನ್ನು ಸರಿಯಾಗಿ ಓದಲು ಆಗುವುದಿಲ್ಲ. ಹಾಗಾಗಿ ಮೊದಲೇ ಎಂಜಿನ್ ಓಡಿಸಿ ಎಂಜಿನ್ ಕೋಣೆಯನ್ನು ಬಿಸಿ ಮಾಡಿಕೊಂಡು, ಪಂಪಿಗೆ ಸಮಯ ಕೊಡುವುದೇ ದಾರಿ. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು 480 ಗ್ರಾಂ ತುಂಬಿದೆವು. ಹೊರಗೆ 29 ಡಿಗ್ರಿ ಇದ್ದಾಗ ನಡುವಿನ ಕಿಂಡಿಯಿಂದ 8 ಡಿಗ್ರಿಯ ಗಾಳಿ ಬಂತು.

ಮುಂದಿನ ಗಾಜಿನ ಬುಡದ ಜಾಲರಿಯ ಕೆಳಗೆ, ಬಿಚ್ಚಿ ತೊಳೆಯಲು ಬರುವಂತೆ, ಸ್ಟೀಲಿನ ಸಣ್ಣ ಕಣ್ಣಿನ ಬಲೆಯೊಂದನ್ನು ಕೂರಿಸಿಕೊಟ್ಟೆವು. ಇದು ಬಿಲ್ಲಿನಲ್ಲಿ ಇರಲಿಲ್ಲ. ಅಕ್ಟೋಬರಿನಲ್ಲಿ ತೆಗೆದುಕೊಂಡಿದ್ದ ಕೂಲಿ ಮತ್ತು ಗ್ಯಾಸಿನ ಹಣವನ್ನೂ ಈ ಬಿಲ್ಲಿನಿಂದ ಕಳೆದೆವು.

ಆಮೇಲಿನ ಹದಿನಾಲ್ಕು ತಿಂಗಳು

ಮಾರ್ಚಿನಲ್ಲಿ ಡಿಟೆಕ್ಟರ್ ಹಿಡಿದಾಗ ನೀರಿನ ಪೈಪಿನಲ್ಲೂ ಕ್ಲಚ್ಚಿನ ಬಳಿಯೂ ಸದ್ದಿರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಮೇಷ್ಟ್ರು ಫೋನ್ ಮಾಡಿ, ಘಾಟಿಯಲ್ಲಿ ಗಾಜು ತಿಳಿಯಾಗಿರುತ್ತದೆ, ವಾರಕ್ಕೆ ಹತ್ತು ನಿಮಿಷ ತಪ್ಪದೆ ಓಡಿಸುತ್ತಿದ್ದೇನೆ ಎಂದರು.

ತೂಗಿ ನೋಡುವ ಅವಕಾಶ ಮರುವರ್ಷದ ಮಾರ್ಚಿನಲ್ಲಿ ತಾನಾಗಿ ಒದಗಿತು. ರೇಡಿಯೇಟರ್ ಹಳತಾಗಿ ನೀರು ಬಿಡತೊಡಗಿದ್ದರಿಂದ ಅದನ್ನು ತೆಗೆಯಲು ಮುಂದಿನ ಕಂಡೆನ್ಸರನ್ನೂ ಬಿಚ್ಚಬೇಕಾಯಿತು, ಅದಕ್ಕಾಗಿ ಗ್ಯಾಸ್ ಎಳೆಯಬೇಕಾಯಿತು. ತಕ್ಕಡಿ ತೋರಿಸಿದ್ದು 455 ಗ್ರಾಂ. ಮೆಷಿನ್ನಿನ ಪೈಪುಗಳಲ್ಲೂ ಎಣ್ಣೆಯಲ್ಲೂ ಉಳಿಯುವ ಕೆಲವು ಗ್ರಾಂ ಬಿಟ್ಟು, ಕೊರತೆಯಾದ ಇಪ್ಪತ್ತೈದನ್ನೂ ಸೋರಿಕೆಯೆಂದೇ ಎಣಿಸಿದರೂ ಹದಿನಾಲ್ಕು ತಿಂಗಳಿಗೆ ಅಷ್ಟು. ಹಿಂದೆ ಅದು ನಾಲ್ಕು ದಿನದ ಬಾಬತ್ತಾಗಿತ್ತು. ಗಾಜಿನ ಬುಡದ ಬಲೆ ಬಿಚ್ಚಿದಾಗ ಅದರ ಮೇಲೆ ಒಂದು ಹಿಡಿ ಸಿಲ್ವರ್ ಓಕ್ ಎಲೆ ಇತ್ತು, ಕೆಳಗೆ ಏನೂ ಇರಲಿಲ್ಲ.

ಹುಡುಗ 455 ಎಂಬುದನ್ನು ಕಾರ್ಡಿನಲ್ಲಿ ಬರೆದು, ಅದರ ಪಕ್ಕ ಆ ದಿನದ ಉಷ್ಣಾಂಶವನ್ನೂ ಬರೆದ. ಹೊಸ ರೇಡಿಯೇಟರ್ ಕೂರಿಸಿ, ಜಾಯಿಂಟುಗಳ ಓ-ರಿಂಗ್ ಮತ್ತು ಡ್ರೈಯರ್ ಬದಲಿಸಿ, ರಾತ್ರಿಯಿಡೀ ನೈಟ್ರೋಜನ್ ಹಿಡಿಸಿ ನೋಡಿ, ಮತ್ತೆ 480 ಗ್ರಾಂ ತೂಗಿ ತುಂಬಿದೆವು. ಅದರ ಮರುದಿನ ಮೇಷ್ಟ್ರಿಗೆ ಮಂಗಳೂರಿಗೆ ಹೋಗುವುದಿತ್ತು.